ಹಾಸನ ಜಿಲ್ಲೆ ಕಾಣೆಯಾಗಿದ್ದ ನಾಲ್ಕು ವರ್ಷ

ಬಣಕಲ್‌ನಿಂದ ಮಾತಾಡ್ತಿದ್ದೀನಿ. ಹಿಂದೆ ಮಳೆ ಸದ್ದು ಕೇಳಿಸ್ತಿದ್ರೆ ಕ್ಷಮಿಸಿ. ಜುಲೈ ತಿಂಗಳಲ್ಲಿ ನಮ್ಮೂರಲ್ಲಿ ಅದನ್ನ ಆಫ್ ಮಾಡೋ ಬಟನ್ ಇನ್ನೂ ಬಂದಿಲ್ಲ.

ಸಕಲೇಶಪುರದ ನನ್ನ ಗೆಳೆಯನೊಬ್ಬನಿಗೆ ಒಂದು ಚಟ ಇದೆ. ಕಾಫಿ ಮಾತು ಬಂದ್ರೆ ಸಾಕು, ಹಾಸನ ದೊಡ್ಡದು, ಚಿಕ್ಕಮಗಳೂರು ಬರೀ ರೀಲ್ಸ್ ಮಾಡೋರ ಊರು ಅಂತ ಶುರು ಮಾಡ್ತಾನೆ. ಅವನಿಗೆ ಉತ್ತರ ಕೊಡೋಕೆ ಅಂತಲೇ ಹಳೇ ಮೈಸೂರು ಸಂಸ್ಥಾನದ ಗೆಜೆಟಿಯರ್ ತಿರುವಿ ಹಾಕ್ತಿದ್ದಾಗ ಒಂದು ವಿಷಯ ಸಿಕ್ತು. 1882ರಿಂದ 1886ರವರೆಗೆ ಹಾಸನ ಜಿಲ್ಲೆ ಅನ್ನೋದೇ ಇರಲಿಲ್ಲ. ಅದನ್ನ ಒಂದು ಸಬ್‌ಡಿವಿಷನ್ ಮಾಡಿ ಕಡೂರು ಜಿಲ್ಲೆಗೆ ಸೇರಿಸಿದ್ದರು. ಕಡೂರು ಜಿಲ್ಲೆ ಅಂದ್ರೆ ಆಗಿನ ಕಾಲದಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಹೆಸರು. ಜಿಲ್ಲಾ ಕಚೇರಿ ಇದ್ದದ್ದು ಚಿಕ್ಕಮಗಳೂರಲ್ಲೇ.

ಸ್ಕ್ರೀನ್‌ಶಾಟ್ ತೆಗೆದು ಅವನಿಗೆ ಕಳಿಸಿದೆ. "ನಾಲ್ಕು ವರ್ಷ ನೀವು ನಮ್ಮ ಕೈಕೆಳಗಿದ್ರಿ" ಅಂತ. ಅವನು ಉತ್ತರ ಕೊಡಲಿಲ್ಲ. ಆದ್ರೆ ನನಗೆ ನಿದ್ದೆ ಬರಲಿಲ್ಲ. ಒಂದು ಇಡೀ ಜಿಲ್ಲೆಯನ್ನ ಯಾಕೆ ಮುಚ್ಚುತ್ತಾರೆ? ಯುದ್ಧ ಆಗಿತ್ತಾ? ದಂಗೆ ಎದ್ದಿದ್ರಾ?

ಅದ್ಯಾವುದೂ ಅಲ್ಲ. ದುಡ್ಡಿರಲಿಲ್ಲ, ಅಷ್ಟೇ. ಹಾಸನ ಒಂದೇ ಅಲ್ಲ, ಚಿತ್ರದುರ್ಗ ಜಿಲ್ಲೆಯನ್ನೂ ಅದೇ ವರ್ಷ ಇಳಿಸಿ ತುಮಕೂರಿಗೆ ಸೇರಿಸಿದರು. ಎಂಟು ಜಿಲ್ಲೆಗಳ ಮೈಸೂರು ಆರು ಜಿಲ್ಲೆಗಳ ಮೈಸೂರಾಯ್ತು. ಈಗ ನ್ಯೂಸಲ್ಲಿ ಕೇಳ್ತೀವಲ್ಲ, ಆರ್ಥಿಕ ಹಿಂಜರಿತ, ವಿತ್ತೀಯ ಕೊರತೆ, ಮಿತವ್ಯಯ ಅಂತ, ಅದರ ನಮ್ಮ ಊರಿನ ಕಥೆ ಇದು. ನಾನು ಬಿಕಾಂ ಓದುವಾಗ ಈ ಪಾಠಗಳಲ್ಲಿ ಬರೀ ಗ್ರೀಸ್, ಅಮೆರಿಕಾ ಬರ್ತಿದ್ವು. ಕಡೂರು ಎಲ್ಲೂ ಬರಲಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗೋಣ. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ಕೊಂಡ್ರು. ಮುಂದಿನ 50 ವರ್ಷ ಮೈಸೂರನ್ನ ನಡೆಸಿದ್ದು ಬ್ರಿಟಿಷ್ ಕಮಿಷನರುಗಳು. ಲೆಕ್ಕಪತ್ರದ ದೃಷ್ಟಿಯಿಂದ ನೋಡಿದ್ರೆ ಕೊನೆಕೊನೆಗೆ ಖಜಾನೆ ಚೆನ್ನಾಗೇ ಇತ್ತು. ಖರ್ಚು ಕಳೆದು 63 ಲಕ್ಷ ರೂಪಾಯಿ ಉಳಿತಾಯ ಹೂಡಿಕೆಯಲ್ಲಿತ್ತು. ಆಗ ಸಂಸ್ಥಾನದ ಒಟ್ಟು ವಾರ್ಷಿಕ ಆದಾಯ ಹೆಚ್ಚುಕಮ್ಮಿ ಒಂದು ಕೋಟಿ. ಅಂದ್ರೆ ಅರ್ಧ ವರ್ಷಕ್ಕಿಂತ ಹೆಚ್ಚಿನ ಆದಾಯ ಪಕ್ಕಕ್ಕಿಟ್ಟಿದ್ದರು. ನಮ್ಮಲ್ಲಿ ಎಷ್ಟು ಜನಕ್ಕೆ ಆರು ತಿಂಗಳ ಸಂಬಳ ಉಳಿತಾಯ ಇದೆ ಹೇಳಿ? ನನಗಂತೂ ಇಲ್ಲ.

ಆಮೇಲೆ ಬಂತು ಧಾತು ಈಶ್ವರದ ಬರ. ಧಾತು, ಈಶ್ವರ ಅನ್ನೋದು ಸಂವತ್ಸರಗಳ ಹೆಸರು, 1876 ಮತ್ತು 1877. ಬಯಲುಸೀಮೆಯ ಅಜ್ಜಿಯರ ಬಾಯಲ್ಲಿ ಈ ಹೆಸರು ತೀರಾ ಇತ್ತೀಚಿನವರೆಗೂ ಇತ್ತು. ಮಳೆ ಕೈಕೊಟ್ಟಿತು, ಮರುವರ್ಷವೂ ಕೈಕೊಟ್ಟಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ ಎಣಿಸಿದಾಗ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕುಸಿದಿತ್ತು.

ಈ ಸಂಖ್ಯೆಯನ್ನ ನಾನು ಸ್ಕ್ರಿಪ್ಟಲ್ಲಿ ಬರೆದು, ಓದಿ, ಮತ್ತೆ ಅಳಿಸಿ, ಮತ್ತೆ ಬರೆದೆ. ಬೇರೆ ಥರ ಹೇಳೋಕೆ ಬರಲಿಲ್ಲ.

ನಮ್ಮ ಮಲೆನಾಡಿಗೆ ಬರ ಅಷ್ಟು ತಟ್ಟಲಿಲ್ಲ. ಇಲ್ಲಿ ಮಳೆ ಕಮ್ಮಿ ಆದ್ರೂ ಭತ್ತದ ಗದ್ದೆ ಪೂರ್ತಿ ಒಣಗಲ್ಲ. ಹಾಗಾಗಿ ಬಯಲುಸೀಮೆಯಿಂದ ಜನ ಈ ಕಡೆ ಬೆಟ್ಟಕ್ಕೆ, ಕಾಫಿ ತೋಟಗಳ ಕಡೆಗೆ ಬಂದರು. ಅದೇ ಕಡೂರು ಜಿಲ್ಲೆಯ ಪೂರ್ವ ಭಾಗ, ಕಡೂರು, ತರೀಕೆರೆ ಕಡೆ, ಬಯಲುಸೀಮೆ ಕಷ್ಟವನ್ನೇ ಅನುಭವಿಸಿತು. ಒಂದೇ ಜಿಲ್ಲೆಯೊಳಗೆ ಎರಡು ಲೋಕ. ಇದು ಇವತ್ತಿಗೂ ಹಂಗೇ ಇದೆ, ಬಿಡಿ. ಅಲ್ಲಿ ಬೋರ್‌ವೆಲ್ ಬತ್ತಿರೋವಾಗ ಇಲ್ಲಿ ಗುಡ್ಡ ಕುಸೀತಿರುತ್ತೆ.

ಈಗ ಯಾರಾದ್ರೂ ಕೇಳಬಹುದು: ಇದು ಬರ ಅಲ್ವಾ ಮಾರಾಯ, ರಿಸೆಷನ್ ಹೆಂಗಾಗುತ್ತೆ? ನೂರಕ್ಕೆ ಎಂಬತ್ತು ಜನ ಹೊಲ ನಂಬಿಕೊಂಡಿರೋ ಊರಲ್ಲಿ ಬೆಳೆ ಹೋದ್ರೆ ಬರೀ ಊಟ ಹೋಗಲ್ಲ, ಆದಾಯ ಹೋಗುತ್ತೆ. ರೈತನ ಕೈಲಿ ಕಾಸಿಲ್ಲ ಅಂದ್ರೆ ನೇಕಾರನ ಸೀರೆ ಯಾರೂ ಕೊಳ್ಳಲ್ಲ. ನೇಕಾರನಿಗೆ ಕೆಲಸ ಇಲ್ಲ ಅಂದ್ರೆ ನೂಲಿನವನಿಗೆ ವ್ಯಾಪಾರ ಇಲ್ಲ. ಗಾಡಿಯವನು, ಕುಂಬಾರ, ಗಾಣದವನು, ಎಲ್ಲರ ದುಡಿಮೆಯೂ ಒಂದರ ಹಿಂದೆ ಒಂದು ನಿಲ್ಲುತ್ತೆ. ರಿಸೆಷನ್ ಅಂದ್ರೆ ಇದೇ ತಾನೆ? ಒಬ್ಬನ ಖರ್ಚು ಇನ್ನೊಬ್ಬನ ಆದಾಯ. ಎಲ್ಲರೂ ಒಟ್ಟಿಗೆ ಖರ್ಚು ನಿಲ್ಲಿಸಿದ್ರೆ ಎಲ್ಲರ ಆದಾಯವೂ ಒಟ್ಟಿಗೆ ನಿಲ್ಲುತ್ತೆ.

ಸರ್ಕಾರದ ಕಥೆಯೂ ಅದೇ. ಬೆಳೆ ಇಲ್ಲ, ಕಂದಾಯ ಬರಲ್ಲ. ಆದ್ರೆ ಗಂಜಿ ಕೇಂದ್ರ ನಡೆಸಬೇಕು, ಅಕ್ಕಿ ತರಿಸಬೇಕು. ಬರೋದು ಕಮ್ಮಿ ಆದ ದಿನವೇ ಹೋಗೋದು ಜಾಸ್ತಿ ಆಗುತ್ತೆ. ವಿತ್ತೀಯ ಕೊರತೆ ಅಂತ ಪುಸ್ತಕದಲ್ಲಿ ದೊಡ್ಡದಾಗಿ ಬರೀತಾರಲ್ಲ, ಕಷ್ಟಕಾಲದಲ್ಲಿ ಅದು ಸರ್ಕಾರ ದುಂದುವೆಚ್ಚ ಮಾಡಿಯೇ ಬರಬೇಕು ಅಂತಿಲ್ಲ. ಸುಮ್ಮನೆ ಕೂತಿದ್ರೂ ತಾನಾಗೇ ಬರುತ್ತೆ.

ಆಗ ಸರ್ಕಾರದ ಮುಂದೆ ಎರಡು ದಾರಿ ಇರುತ್ತೆ. ಸಾಲ ಮಾಡಿ ಖರ್ಚು ಮಾಡೋದು. ಇಲ್ಲಾ, ಕೈ ಬಿಗಿ ಹಿಡಿಯೋದು. 1877ರಲ್ಲಿ ಬ್ರಿಟಿಷ್ ಇಂಡಿಯಾ ಆರಿಸಿಕೊಂಡದ್ದು ಎರಡನೆಯದನ್ನ.

ಇಲ್ಲಿ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಬರ್ತಾನೆ. ಇವನ ಕಥೆ ವಿಚಿತ್ರ. 1873-74ರಲ್ಲಿ ಬಿಹಾರ, ಬಂಗಾಳದ ಕಡೆ ಬರ ಬಂದಾಗ ಇದೇ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ ಧಾರಾಳವಾಗಿ ಹಂಚಿದ್ದ. ಜನ ಉಳಿದರು. ಅದಕ್ಕೆ ಸಿಕ್ಕ ಬಹುಮಾನ ಏನು ಗೊತ್ತಾ? ಬೈಗುಳ. ಇಷ್ಟೊಂದು ದುಡ್ಡು ಯಾಕೆ ಸುರಿದೆ ಅಂತ. ಯಾರೂ ಸಾಯಲಿಲ್ಲವಲ್ಲ, ಹಾಗಿದ್ರೆ ಅಷ್ಟು ಖರ್ಚು ಬೇಕಿರಲಿಲ್ಲ ಅಂತ. ಕೋವಿಡ್ ಸಮಯದಲ್ಲಿ "ಏನೂ ಆಗಲಿಲ್ಲ, ಸುಮ್ನೆ ಲಸಿಕೆ ಹಾಕಿಸ್ಕೊಂಡ್ವಿ" ಅಂದವರು ನೆನಪಾಗ್ತಾರೆ.

ಪಾಠ ಕಲಿತ ಟೆಂಪಲ್‌ನನ್ನ ವೈಸರಾಯ್ ಲಿಟ್ಟನ್ 1877ರ ಜನವರಿಯಲ್ಲಿ ದಕ್ಷಿಣಕ್ಕೆ ಕಳಿಸಿದ. ಖರ್ಚು ಹಿಡಿತಕ್ಕೆ ತಾ ಅಂತ. ಅದೇ ಜನವರಿ 1ಕ್ಕೆ ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನ ಭಾರತದ ಸಾಮ್ರಾಜ್ಞಿ ಅಂತ ಸಾರೋ ದೊಡ್ಡ ದರ್ಬಾರು ನಡೆದಿತ್ತು. ಅದಕ್ಕೆ ದುಡ್ಡಿತ್ತು.

ಟೆಂಪಲ್ ಬಂದವನೇ ಮದ್ರಾಸ್ ಪ್ರಾಂತ್ಯದ ಬರ ಪರಿಹಾರ ಕಾಮಗಾರಿಗಳ ಕೂಲಿ ಕತ್ತರಿಸಿದ. ನಮ್ಮ ಬಳ್ಳಾರಿ ಆಗ ಮದ್ರಾಸಿಗೇ ಸೇರಿತ್ತು, ಬರದ ಹೊಡೆತ ಅಲ್ಲಿ ಭಯಂಕರವಾಗಿತ್ತು. ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯದ ಬೆಲೆ, ಮೇಲೆ ಸ್ವಲ್ಪ ಚಿಲ್ಲರೆ ಕಾಸು. ಒಂದು ಪೌಂಡ್ ಅಂದ್ರೆ ಸುಮಾರು 450 ಗ್ರಾಂ. ನಮ್ಮ ತೋಟದ ಕೆಲಸದವರ ಮುಂದೆ ದಿನಕ್ಕೆ ಅರ್ಧ ಕೇಜಿ ಅಕ್ಕಿಯೂ ಇಲ್ಲ, ಸಾರು ಪಲ್ಯ ಕೇಳಬೇಡಿ, ಗುದ್ದಲಿ ಹಿಡಿ ಅಂದ್ರೆ ಏನಂತಾರೋ ಊಹಿಸಿ. ಇದಕ್ಕೆ "ಟೆಂಪಲ್ ಕೂಲಿ" ಅಂತಲೇ ಹೆಸರು ಬಂತು. ಮದ್ರಾಸಿನ ಆರೋಗ್ಯ ಕಮಿಷನರ್ ಡಾ. ಕಾರ್ನಿಷ್ ಇದು ಮನುಷ್ಯ ಬದುಕೋ ಆಹಾರ ಅಲ್ಲ ಅಂತ ಸರ್ಕಾರದೊಳಗಿದ್ದುಕೊಂಡೇ ಜಗಳಕ್ಕೆ ನಿಂತರು. ತಿಂಗಳುಗಳಾದ ಮೇಲೆ ಕೂಲಿ ಏರಿಸಿದರು. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು.

ಕಾಮರ್ಸ್ ಓದಿದವನಾಗಿ ನನಗೆ ಹೊಟ್ಟೆ ಉರಿಯೋದು ಇಲ್ಲಿ. ಕರುಣೆ ಮಾತು ಪಕ್ಕಕ್ಕಿಡಿ, ಬರೀ ಲೆಕ್ಕವೇ ತಗೊಳ್ಳಿ. ಸತ್ತ ರೈತ ಕಂದಾಯ ಕಟ್ಟಲ್ಲ. ಪಾಳು ಬಿದ್ದ ಹೊಲ ಬೆಳೆ ಕೊಡಲ್ಲ. ಸತ್ತ ಎತ್ತು ಮುಂದಿನ ವರ್ಷ ಉಳಲ್ಲ. ಒಂದು ವರ್ಷದ ಖರ್ಚು ಉಳಿಸೋಕೆ ಹೋಗಿ ಮುಂದಿನ ಹತ್ತು ವರ್ಷದ ಆದಾಯ ಕಳ್ಕೊಂಡ್ರು.

ಮೈಸೂರಿಗೆ ಬರೋಣ. ಇಲ್ಲಿನ ಸಮಸ್ಯೆ ಸ್ವಲ್ಪ ಬೇರೆ. ಮದ್ರಾಸಿನಿಂದ ಬೆಂಗಳೂರಿನವರೆಗೆ ರೈಲಿತ್ತು, ಧಾನ್ಯ ಬೆಂಗಳೂರು ಸ್ಟೇಷನ್‌ಗೆ ಬಂದು ಬೀಳ್ತಿತ್ತು. ಅಲ್ಲಿಂದ ಮುಂದೆ ಸಾಗಿಸೋಕೆ ಎತ್ತುಗಳೇ ಇರಲಿಲ್ಲ. ಮೇವಿಲ್ಲದೆ ಅವೂ ಸಾಯ್ತಿದ್ವು. 1877ರ ಸೆಪ್ಟೆಂಬರ್‌ನಲ್ಲಿ ಲಿಟ್ಟನ್ ಖುದ್ದಾಗಿ ಬಂದು ನೋಡಿ, ಚಾರ್ಲ್ಸ್ ಎಲಿಯಟ್ ಅನ್ನೋ ಅಧಿಕಾರಿಯನ್ನ ಮೈಸೂರಿನ ಬರ ಕಮಿಷನರ್ ಮಾಡಿದ. ಅವನು ಆಮೇಲೆ ಬರೆದ ವರದಿಯೇ ಈಗ ನಮಗಿರೋ ದೊಡ್ಡ ದಾಖಲೆ. ಬೆಂಗಳೂರಿಂದ ಮೈಸೂರಿಗೆ ರೈಲು ದಾರಿಯ ಮಣ್ಣಿನ ಕೆಲಸವನ್ನ ಬರ ಪರಿಹಾರದ ಕಾಮಗಾರಿಯಾಗಿ ಎತ್ತಿಕೊಂಡರು. ಆ ದಾರಿಯಲ್ಲಿ ನಾನು ನಾಲ್ಕು ವರ್ಷ ಓಡಾಡಿದ್ದೀನಿ, ಮದ್ದೂರಲ್ಲಿ ವಡೆ ತಿಂದಿದ್ದೀನಿ. ಆ ಮಣ್ಣು ಯಾರು ಹೊತ್ತದ್ದು ಅಂತ ಒಂದು ದಿನವೂ ಯೋಚಿಸಿರಲಿಲ್ಲ.

ಬರ ಮುಗಿಯೋ ಹೊತ್ತಿಗೆ ಲೆಕ್ಕ ಹೀಗಿತ್ತು: 63 ಲಕ್ಷ ಉಳಿತಾಯ ಮಾಯ. ಅದರ ಮೇಲೆ ಭಾರತ ಸರ್ಕಾರಕ್ಕೆ 80 ಲಕ್ಷ ಸಾಲ.

1881ರ ಮಾರ್ಚ್ 25ರಂದು ಬ್ರಿಟಿಷರು ಸಂಸ್ಥಾನವನ್ನ ಒಡೆಯರ ವಂಶಕ್ಕೆ ವಾಪಸ್ ಕೊಟ್ಟರು. ಚಾಮರಾಜೇಂದ್ರ ಒಡೆಯರಿಗೆ ಆಗ 18 ವರ್ಷ. ಯೋಚನೆ ಮಾಡಿ. 50 ವರ್ಷ ಆಡಳಿತ ಮಾಡಿದ್ದು ಬ್ರಿಟಿಷರು. ಸಾಲ ಕೊಟ್ಟವರೂ ಅವರೇ, ತಗೊಂಡವರೂ ಅವರೇ. ತೀರಿಸಬೇಕಾದವನು ಮಾತ್ರ ಈ 18 ವರ್ಷದ ಹುಡುಗ. ನನ್ನ 18ನೇ ವಯಸ್ಸಲ್ಲಿ ನನ್ನ ಹೆಸರಲ್ಲಿ ಇದ್ದದ್ದು ಒಂದು ಸೆಕೆಂಡ್ ಹ್ಯಾಂಡ್ ಬೈಕು.

ಆ ಹುಡುಗನ ಪಕ್ಕದಲ್ಲಿ ದಿವಾನರಾಗಿ ನಿಂತವರು ಸಿ. ರಂಗಾಚಾರ್ಲು. ನನಗೆ ಇವರ ಮೇಲೆ ವಿಚಿತ್ರ ಪ್ರೀತಿ ಇದೆ. ಮದ್ರಾಸ್ ಕಡೆಯವರು, ಗುಮಾಸ್ತಗಿರಿಯಿಂದ ಮೇಲೆ ಬಂದವರು. 1868ರಲ್ಲಿ ಮುಮ್ಮಡಿಯವರು ತೀರಿಕೊಂಡ ಮೇಲೆ ಅರಮನೆ ವ್ಯವಹಾರ ನೋಡಿಕೊಳ್ಳೋಕೆ ಮೈಸೂರಿಗೆ ಬಂದರು. 1874ರಲ್ಲಿ, ಬ್ರಿಟಿಷರ ಕೈಕೆಳಗೇ ಕೆಲಸ ಮಾಡ್ತಿದ್ದಾಗ, ಮೈಸೂರಿನ ಬ್ರಿಟಿಷ್ ಆಡಳಿತ ಎಷ್ಟು ದುಬಾರಿ ಅಂತ ಟೀಕಿಸೋ ಒಂದು ಪುಸ್ತಿಕೆಯನ್ನ ಲಂಡನ್‌ನಲ್ಲಿ ಹೆಸರು ಹಾಕದೆ ಅಚ್ಚು ಹಾಕಿಸಿದವರು. ದೊಡ್ಡ ಸಂಬಳದ ಯುರೋಪಿಯನ್ ಅಧಿಕಾರಿಗಳು ಇಷ್ಟು ಜನ ಯಾಕೆ ಬೇಕು ಅನ್ನೋದು ಅವರ ತಕರಾರು. ಇವತ್ತಾಗಿದ್ರೆ ಫೇಕ್ ಅಕೌಂಟಿಂದ ಥ್ರೆಡ್ ಹಾಕ್ತಿದ್ರೇನೋ.

ದಿವಾನಗಿರಿ ಸಿಕ್ಕಿದ ವರ್ಷವೇ, 1881ರ ಅಕ್ಟೋಬರ್ 7ರಂದು, ದಸರಾ ಸಮಯದಲ್ಲಿ ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. 144 ಜನ. ತಾಲ್ಲೂಕುಗಳಿಂದ ರೈತರು, ಜಿಲ್ಲೆಗಳಿಂದ ವ್ಯಾಪಾರಸ್ಥರು. ಸಂಸ್ಥಾನದ ಲೆಕ್ಕವನ್ನ ಅವರ ಮುಂದಿಟ್ಟರು. ಸಭೆಗೆ ಮತ ಹಾಕೋ ಅಧಿಕಾರ ಇರಲಿಲ್ಲ, ಲೆಕ್ಕ ತಿರಸ್ಕರಿಸೋಕೆ ಆಗ್ತಿರಲಿಲ್ಲ. ಕೇಳಬಹುದು, ಹೇಳಬಹುದು, ಅಷ್ಟೇ. ಆದ್ರೂ ಬೊಕ್ಕಸದಲ್ಲಿ ಎಷ್ಟಿದೆ, ಎಷ್ಟು ಸಾಲ ಇದೆ ಅಂತ ಪ್ರಜೆಗಳ ಮುಂದೆ ಓದೋದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಆಮೇಲೆ ಕತ್ತರಿ ಹಿಡಿದರು. ಹುದ್ದೆಗಳು ಕಡಿಮೆಯಾದವು. ಹಾಸನ, ಚಿತ್ರದುರ್ಗ ಜಿಲ್ಲೆಗಳು ಹೋದವು.

ಅದೇ ಹೊತ್ತಲ್ಲಿ ಇನ್ನೊಂದು ಕೆಲಸವೂ ನಡೀತು. ಬರದಲ್ಲಿ ಶುರುವಾದ ಬೆಂಗಳೂರು-ಮೈಸೂರು ರೈಲು ದಾರಿ ನಿಲ್ಲಲಿಲ್ಲ. 1882ರಲ್ಲಿ ಮೈಸೂರು ಮುಟ್ಟಿತು, ಸುಮಾರು 138 ಕಿಲೋಮೀಟರ್. ಅಷ್ಟಕ್ಕೇ ಸುಮ್ಮನಾಗದೆ, ತಲೆ ಮೇಲೆ 80 ಲಕ್ಷ ಸಾಲ ಇದ್ದಾಗಲೇ, ಇನ್ನಷ್ಟು ಸಾಲ ಎತ್ತಿ ತುಮಕೂರಿನ ಕಡೆಗೆ ದಾರಿ ಹಾಕಿಸೋಕೆ ಹೊರಟರು. ಒಂದು ಕೈಯಲ್ಲಿ ಜಿಲ್ಲೆ ಮುಚ್ಚೋದು, ಇನ್ನೊಂದು ಕೈಯಲ್ಲಿ ಸಾಲ ಮಾಡಿ ರೈಲು ಹಾಕೋದು! ಮೊದಲ ಸಲ ಓದಿದಾಗ ಇದೇನು ದ್ವಂದ್ವ ಅನ್ನಿಸ್ತು. ಬೆಂಗಳೂರು ಸ್ಟೇಷನ್ನಲ್ಲಿ ಕೊಳೀತಿದ್ದ ಧಾನ್ಯ ನೆನಪಾದ ಮೇಲೆ ಅರ್ಥ ಆಯ್ತು. ಮುಂದಿನ ಬರ ಬಂದಾಗ ಎತ್ತಿಗೆ ಕಾಯಬೇಕಾಗಿರಬಾರದು. ಖರ್ಚೆಲ್ಲಾ ಒಂದೇ ಅಲ್ಲ ಅನ್ನೋದು ರಂಗಾಚಾರ್ಲು ಅವರಿಗೆ ಗೊತ್ತಿತ್ತು. ಕೇನ್ಸ್ ಇದರ ಸಿದ್ಧಾಂತ ಬರೆದದ್ದು 1936ರಲ್ಲಿ. ಇವರು ಅದಕ್ಕೂ 54 ವರ್ಷ ಮುಂಚೆ ತುಮಕೂರಿಗೆ ಹಳಿ ಹಾಕಿಸ್ತಿದ್ದರು.

ಹಾಗಂತ ಇವರನ್ನ ದೇವರು ಮಾಡೋಕೆ ನಾನು ತಯಾರಿಲ್ಲ. ಹಾಸನದವರ ಕಡೆಯಿಂದ ನೋಡಿ. ಮಂಜರಾಬಾದಿನ, ಅಂದ್ರೆ ಈಗಿನ ಸಕಲೇಶಪುರ ಕಡೆಯ ಒಬ್ಬ ರೈತನಿಗೆ ಜಿಲ್ಲಾ ಮಟ್ಟದ ಕೆಲಸ ಬಿತ್ತು ಅಂದ್ರೆ, ಮೊದಲು ಹಾಸನಕ್ಕೆ ಹೋಗಿ ಬರ್ತಿದ್ದವನು ಈಗ ಚಿಕ್ಕಮಗಳೂರಿಗೆ ಬರಬೇಕು. ಹಾಸನದಿಂದಲೇ ಸುಮಾರು 60 ಕಿಲೋಮೀಟರ್. ಎತ್ತಿನ ಗಾಡಿಯ ಕಾಲ. ಹೋಗೋಕೆ ಎರಡು ದಿನ, ಬರೋಕೆ ಎರಡು ದಿನ, ಸಾಹೇಬರು ಸಿಗದಿದ್ರೆ ಮತ್ತೊಂದು ದಿನ. ಆ ಖರ್ಚು ಎಲ್ಲೂ ಮಾಯವಾಗಲಿಲ್ಲ, ಸರ್ಕಾರದ ಪುಸ್ತಕದಿಂದ ರೈತನ ಚೀಲಕ್ಕೆ ದಾಟಿತು ಅಷ್ಟೇ. ಕಚೇರಿ ನಂಬಿ ಬದುಕ್ತಿದ್ದ ಊಟದ ಮನೆಯವನು, ಅರ್ಜಿ ಬರೆಯೋನು, ಲಾಂದ್ರಕ್ಕೆ ಎಣ್ಣೆ ಮಾರೋನು, ಅವರ ದುಡಿಮೆ ಯಾವ ವರದಿಯ ಉಳಿತಾಯದ ಕಾಲಂನಲ್ಲೂ ಬರಲ್ಲ.

ಈಗ ನನಗೆ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸೋ ಜಾಗ. ಯಾವುದೇ ಬಜೆಟ್ ಬಂದ್ರೂ ನಾವು ಏನು ಕತ್ತರಿಸಿದ್ರು ಅಂತ ನೋಡ್ತೀವಿ. ಏನನ್ನ ಮುಟ್ಟಲಿಲ್ಲ ಅಂತ ನೋಡಲ್ಲ.

1799ರಲ್ಲಿ ಟಿಪ್ಪು ಮಡಿದ ಮೇಲೆ ಆದ ಒಪ್ಪಂದದ ಪ್ರಕಾರ ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 24 ಲಕ್ಷ 50 ಸಾವಿರ ರೂಪಾಯಿ ಕಪ್ಪ ಕೊಡಬೇಕಿತ್ತು. ಆದಾಯವೇ ಒಂದು ಕೋಟಿ ಆಸುಪಾಸು. ಅಂದ್ರೆ ಬಂದ ನಾಲ್ಕು ರೂಪಾಯಿಯಲ್ಲಿ ಹತ್ತಿರ ಹತ್ತಿರ ಒಂದು ರೂಪಾಯಿ ಬಾಗಿಲಲ್ಲೇ ಹೋಗ್ತಿತ್ತು. 1881ರಲ್ಲಿ ರಾಜ್ಯ ವಾಪಸ್ ಕೊಡುವಾಗ ಇದನ್ನ 35 ಲಕ್ಷಕ್ಕೆ ಏರಿಸಿದರು. ಬರದಿಂದ ಎದ್ದು ನಿಲ್ಲೋಕೂ ಆಗದ ರಾಜ್ಯಕ್ಕೆ! ಏರಿಕೆಯ 10 ಲಕ್ಷ 50 ಸಾವಿರವನ್ನ ಮಾತ್ರ ಐದು ವರ್ಷ ಮುಂದಕ್ಕೆ ಹಾಕಿದರು. 1886ರಲ್ಲಿ ಮತ್ತೆ ಹತ್ತು ವರ್ಷ ಮುಂದಕ್ಕೆ, 1896ರವರೆಗೆ.

ನಾನು ಕ್ಯಾಲ್ಕುಲೇಟರ್ ತೆಗೆದೆ. ಹತ್ತೂವರೆ ಲಕ್ಷ, 15 ವರ್ಷ. 157 ಲಕ್ಷ 50 ಸಾವಿರ. ಬರದ ಸಾಲದ ಹತ್ತಿರ ಹತ್ತಿರ ಎರಡರಷ್ಟು. ಒಂದೇ ಒಂದು ಸಾಲನ್ನ ಮುಂದೂಡಿದ್ದರಿಂದ ಇಷ್ಟು ಉಸಿರಾಟ ಸಿಕ್ತು. ಎರಡು ಜಿಲ್ಲಾ ಕಚೇರಿ ಮುಚ್ಚಿ ಉಳಿಯೋದು ಇದರ ಹತ್ತಿರಕ್ಕೂ ಬರೋಕೆ ಸಾಧ್ಯ ಇಲ್ಲ. ಮೂಲ ಕಪ್ಪ 24 ಲಕ್ಷ 50 ಸಾವಿರ ಮಾತ್ರ ಹಾಗೇ ಉಳೀತು. ದಿವಾನರ ಕತ್ತರಿ ಹಾಸನದವರೆಗೆ ಹೋಗಬಲ್ಲದಾಗಿತ್ತು, ಕಲ್ಕತ್ತಾದವರೆಗೆ ಹೋಗ್ತಿರಲಿಲ್ಲ.

ಇದನ್ನ ಓದ್ತಾ ಓದ್ತಾ ನನಗೆ ನಮ್ಮನೆ ಕಬ್ಬಿಣದ ಪೆಟ್ಟಿಗೆ ನೆನಪಾಯ್ತು. ಅಪ್ಪ ತೋಟದ ಲೆಕ್ಕವನ್ನ ಇವತ್ತಿಗೂ ಉದ್ದದ ನೋಟ್‌ಬುಕ್ಕಲ್ಲಿ ಬರೀತಾರೆ. 2001-02ರ ಪುಸ್ತಕ ಹುಡುಕಿ ತೆಗೆದೆ. ಆಗ ನಾನು ಅಂಗನವಾಡಿ ಮುಗಿಸಿ ಒಂದನೇ ಕ್ಲಾಸಿಗೆ ಹೋಗೋ ವಯಸ್ಸು. ಆ ವರ್ಷಗಳಲ್ಲಿ ಕಾಫಿ ದರ ಪ್ರಪಂಚದಾದ್ಯಂತ ನೆಲಕಚ್ಚಿತ್ತು. ಕೊಯ್ದ ಕೂಲಿ ಹುಟ್ಟಿದ್ರೆ ಪುಣ್ಯ ಅನ್ನೋ ಹಾಗಾಗಿತ್ತು ಅಂತ ಅಪ್ಪ ಹೇಳ್ತಿರ್ತಾರೆ.

ಪುಸ್ತಕದಲ್ಲಿ ಗೊಬ್ಬರ ಅನ್ನೋ ಹಾಳೆ ಖಾಲಿ. ಸುಣ್ಣ ಇಲ್ಲ. ಮರಗಸಿ ಇಲ್ಲ. ಬೋರರ್ ಹುಡುಕೋಕೆ ಆಳು ಹಾಕಿದ ಲೆಕ್ಕ ಇಲ್ಲ. ಆದ್ರೆ ಪ್ರತಿ ತಿಂಗಳು ಒಂದು ಸಾಲು ತಪ್ಪದೆ ಇದೆ: ಬಡ್ಡಿ. ಕೈಸಾಲ ಕೊಟ್ಟವರದ್ದು.

"ಗೊಬ್ಬರ ಯಾಕೆ ನಿಲ್ಲಿಸಿದ್ರಿ ಅಪ್ಪ?" ಅಂದೆ.

"ಗೊಬ್ಬರ ನಿಲ್ಸಿದ್ರೆ ಗಿಡ ಜಗಳಕ್ಕೆ ಬರಲ್ಲ ಕಣೋ. ಬಡ್ಡಿ ನಿಲ್ಸಿದ್ರೆ ಮನೆ ಬಾಗಿಲಿಗೆ ಬರ್ತಾರೆ" ಅಂದ್ರು.

ಗೊಬ್ಬರ ನಿಲ್ಲಿಸಿದ ವರ್ಷ ತೋಟದಲ್ಲಿ ಏನೂ ಗೊತ್ತಾಗಲ್ಲ. ಗಿಡ ಹಸಿರಾಗೇ ಇರುತ್ತೆ. ಎರಡನೇ ವರ್ಷ ಎಲೆ ಹಳದಿ, ಮೂರನೇ ವರ್ಷ ಫಸಲು ಇಲ್ಲ. ಬೋರರ್ ಬಿದ್ದ ಅರೇಬಿಕಾ ಗಿಡ ಹುಡುಕಿ ಕಿತ್ತು ಸುಡದೇ ಹೋದ್ರೆ ಪಕ್ಕದ ಗಿಡಕ್ಕೂ ಹೋಗುತ್ತೆ. 2004ರ ಹೊತ್ತಿಗೆ ದರ ಸ್ವಲ್ಪ ಚೇತರಿಸಿಕೊಂಡಾಗ ಮಾರೋಕೆ ನಮ್ಮ ಹತ್ರ ಕಾಫಿಯೇ ಇರಲಿಲ್ಲ. ಮನೆ ಹಿಂದಿನ ಇಳಿಜಾರಲ್ಲಿದ್ದ ಅರೇಬಿಕಾ ತೆಗೆದು ರೋಬಸ್ಟಾ ಹಾಕಿದ್ದು ಆಗಲೇ.

ಅಮ್ಮ ಅಡುಗೆಮನೆಯಿಂದಲೇ ಇನ್ನೊಂದು ಮಾತು ಸೇರಿಸಿದ್ರು. ಆ ವರ್ಷ ಕೆಲಸ ಬಿಡಿಸಿದ ಆಳುಗಳಲ್ಲಿ ಇಬ್ಬರು ಹೆಂಗಸರು ಮತ್ತೆ ವಾಪಸ್ ಬರಲೇ ಇಲ್ಲವಂತೆ. ಅವರ ಹೆಸರು ಪುಸ್ತಕದಲ್ಲಿದೆ. ನಾನು ಇಲ್ಲಿ ಹೇಳಲ್ಲ.

ಮೈಸೂರಿನ ಕಥೆ ಮುಗಿಸ್ತೀನಿ. ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು, ದಿವಾನರಾಗಿ ಎರಡು ವರ್ಷವೂ ತುಂಬಿರಲಿಲ್ಲ. ಮೈಸೂರಿನ ಟೌನ್ ಹಾಲ್ ನೋಡಿದ್ದೀರಲ್ಲ, ಅದರ ನಿಜವಾದ ಹೆಸರು ರಂಗಾಚಾರ್ಲು ಸ್ಮಾರಕ ಭವನ. ಅವರ ನಂತರ ಬಂದ ಕೆ. ಶೇಷಾದ್ರಿ ಅಯ್ಯರ್ 18 ವರ್ಷ ದಿವಾನರಾಗಿದ್ದರು. ರೈಲು ಮುಂದುವರೀತು, 1884ರಲ್ಲಿ ತುಮಕೂರು ಮುಟ್ಟಿತು. 1886ರಲ್ಲಿ ರೈಲನ್ನ ಸದರನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಿ ಲಂಡನ್‌ನಲ್ಲಿ ಬಂಡವಾಳ ಎತ್ತಿದರು. ಕೋಲಾರದ ಚಿನ್ನದ ರಾಜಧನ ಬರೋಕೆ ಶುರುವಾಯ್ತು. ಅದೇ 1886ರಲ್ಲಿ ಹಾಸನ ಮತ್ತೆ ಜಿಲ್ಲೆಯಾಯ್ತು, ಚಿತ್ರದುರ್ಗವೂ. ನಾಲ್ಕೇ ವರ್ಷಕ್ಕೆ ಆ ಉಳಿತಾಯ ಬಿಟ್ಟುಬಿಟ್ಟರು. ಹಾಕಿದ ಹಳಿ ಮಾತ್ರ ಯಾರೂ ಕೀಳಲಿಲ್ಲ. ಅಂದಹಾಗೆ ನಮ್ಮ ಚಿಕ್ಕಮಗಳೂರು ಪಟ್ಟಣಕ್ಕೆ ರೈಲು ಬಂದದ್ದು 2013ರಲ್ಲಿ. ಬಣಕಲ್‌ಗೆ ಯಾವಾಗ ಅಂತ ಕೇಳಬೇಡಿ.

ಕಪ್ಪದ ಕಥೆ ಇನ್ನೂ ಉದ್ದ ಇದೆ. 1896ರಿಂದ 35 ಲಕ್ಷ ಕಟ್ಟಿದರು. ಮುಮ್ಮಡಿಯವರ ದತ್ತುಪುತ್ರ ಚಾಮರಾಜೇಂದ್ರ ಹೋಗಿ ಅವರ ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಬಂದು, 1920ರ ದಶಕದ ಕೊನೆಯಲ್ಲಿ ವೈಸರಾಯ್ ಇರ್ವಿನ್ ಆ ಹೆಚ್ಚುವರಿ ಹತ್ತೂವರೆ ಲಕ್ಷ ಬಿಟ್ಟುಕೊಟ್ಟ. ಮಂಡ್ಯದ ನಾಲೆಗೆ ಇರ್ವಿನ್ ಹೆಸರಿಟ್ಟಿದ್ದರಲ್ಲ, ಈಗಿನ ವಿಶ್ವೇಶ್ವರಯ್ಯ ನಾಲೆ, ಅದೇ ಇರ್ವಿನ್. ಆಮೇಲೆ ಜಗತ್ತಿನ ಮಹಾ ಕುಸಿತ ಬಂತು. 1931ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಇಂಡಿಯಾ ತನ್ನ ನೌಕರರ ಸಂಬಳ ಶೇ. 10ರಷ್ಟು ಕತ್ತರಿಸಿತು. ಮೈಸೂರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನರು. ಕೃಷ್ಣರಾಜಸಾಗರದ ನೀರು ಗದ್ದೆಗೆ ಹರಿಸೋ ಕೆಲಸ ನಿಲ್ಲಲಿಲ್ಲ, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಶುರುವಾಯ್ತು. ಈ ಕಥೆಗೆ ಒಂದು ಪೂರ್ತಿ ಎಪಿಸೋಡ್ ಬೇಕು, ಮಾಡ್ತೀನಿ.

ನಮ್ಮ ಕಾಲಕ್ಕೆ ಬಂದ್ರೆ, 2002ರಲ್ಲಿ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂತು, ದೇಶದಲ್ಲೇ ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ. ಅಪ್ಪನ ಗೊಬ್ಬರದ ಹಾಳೆ ಖಾಲಿ ಇದ್ದ ಅದೇ ಸಮಯ. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ. 3 ದಾಟಬಾರದು ಅನ್ನೋದು ನಿಯಮ. ಒಳ್ಳೇದೇ. ಗೆರೆ ಇಲ್ಲದಿದ್ರೆ ಚುನಾವಣೆ ವರ್ಷದಲ್ಲಿ ಯಾರಿಗೂ ಕೈ ನಿಲ್ಲಲ್ಲ, ಆ ಬಡ್ಡಿ ಕಟ್ಟೋರು ನಮ್ಮ ವಯಸ್ಸಿನವರು. ಆದ್ರೆ 2020ರಲ್ಲಿ ಕೋವಿಡ್ ಬಂದಾಗ ಆ ಗೆರೆ ನಿಲ್ಲಲಿಲ್ಲ. ಕಾಯ್ದೆಗೆ ತಿದ್ದುಪಡಿ ತಂದು ಶೇ. 5ರವರೆಗೆ ಸಾಲಕ್ಕೆ ದಾರಿ ಮಾಡಿಕೊಂಡರು. ಜೊತೆಗೆ ಸರ್ಕಾರಿ ನೌಕರರ ತುಟ್ಟಿಭತ್ಯೆ ತಡೆಹಿಡಿದರು. ಕೇಂದ್ರ ಸರ್ಕಾರ ನರೇಗಾಕ್ಕೆ ಬಜೆಟ್‌ನಲ್ಲಿಟ್ಟಿದ್ದ 61,500 ಕೋಟಿ ಮೇಲೆ ಇನ್ನೂ 40,000 ಕೋಟಿ ಘೋಷಿಸಿತು. ಒಂದು ಕಡೆ ಕತ್ತರಿ, ಒಂದು ಕಡೆ ಸಾಲ. 1882ರ ಹಾಗೇ.

ಆ ವರ್ಷ ನಾನೂ ಊರಿಗೆ ವಾಪಸ್ ಬಂದವನೇ. ಬೆಂಗಳೂರಲ್ಲಿ ನಾನಿದ್ದ ಆಫೀಸಲ್ಲಿ ಮೊದಲು ಸಂಬಳ ಅರ್ಧ ಮಾಡಿದ್ರು, ಆಮೇಲೆ ಬರಬೇಡಿ ಅಂದ್ರು. ಅದರ ಹಿಂದಿನ ವರ್ಷ, 2019ರ ಆಗಸ್ಟಲ್ಲಿ, ನಮ್ಮ ಕಡೆ ಬಿದ್ದ ಮಳೆಗೆ ಗುಡ್ಡಗಳು ಕುಸಿದು ಚಾರ್ಮಾಡಿ ಘಾಟಿ ಬಂದ್ ಆಗಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಕೆ ನಿಲ್ಲೋ ಮಂಗಳೂರಿನ ಗಾಡಿಗಳೇ ಇಲ್ಲ. ಅದಾಗಿ ಕೆಲವೇ ತಿಂಗಳಿಗೆ ಲಾಕ್‌ಡೌನ್. 2020ರ ಮೇ ತಿಂಗಳಲ್ಲಿ ನಾನು, ಅಪ್ಪ, ಜಗಲಿ ಮೇಲೆ ಕೂತು ಏನು ಕಮ್ಮಿ ಮಾಡೋದು ಅಂತ ಪಟ್ಟಿ ಬರೆದ್ವಿ. ನಾನು ಬಿಕಾಂ ಗತ್ತಲ್ಲಿ ಮೊದಲನೇ ಸಾಲು ಬರೆದೆ: ಗೊಬ್ಬರ. ಅಪ್ಪ ನನ್ನ ಕೈಯಿಂದ ಪೆನ್ನು ಇಸ್ಕೊಂಡು ಅದನ್ನ ಹೊಡೆದು ಹಾಕಿದ್ರು. ಏನೂ ಹೇಳಲಿಲ್ಲ. ನನ್ನ ಬೈಕಿನ ಕಡೆ ನೋಡಿದ್ರು.

ಬೈಕು ಮಾರಿದ್ವಿ. ಗೊಬ್ಬರ ಬಂತು.

ಈ ಎಪಿಸೋಡಿನ ಲಿಂಕ್ ಸಕಲೇಶಪುರದ ಗೆಳೆಯನಿಗೂ ಕಳಿಸ್ತೀನಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೇ ಲೆಕ್ಕದ ಪುಸ್ತಕ ಇದ್ರೆ, ಕಾಫಿ, ಅಡಿಕೆ, ಅಂಗಡಿ ಯಾವುದಾದ್ರೂ ಸರಿ, ಕಷ್ಟದ ವರ್ಷದ ಹಾಳೆ ತೆಗೆದು ಯಾವ ಸಾಲು ಖಾಲಿ ಇದೆ, ಯಾವ ಸಾಲು ತಪ್ಪದೆ ಇದೆ ನೋಡಿ ನನಗೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ, ಕರೆಂಟ್ ಇದ್ರೆ.